ಎಜ್ರಾ ಸ್ಟೈಲ್ಸನ ದಿನಚರಿಯೂ ಕಾಗದಪತ್ರಗಳೂ

ಪೀಪ್ಸನ ದಿನಚರಿಯ ಸವಿಯುಂಡವನು ಅದೇ ಸವಿಯನ್ನು ಅರಸಿ ಎಜ್ರಾ ಸ್ಟೈಲ್ಸನ ದಿನಚರಿಗೆ ಬಂದರೆ ಮೊದಲ ನೂರು ಪುಟಗಳಲ್ಲಿಯೇ ನಿರಾಶನಾದಾನು. ಅಲ್ಲಿ ಅಂತರಂಗದ ಪಿಸುಮಾತಿಲ್ಲ. ಬೀದಿಯ ಹರಟೆಯೂ ವಿರಳ. ಉಷ್ಣಮಾಪಕದ ಅಂಕಿಗಳು, ಗ್ರಹಗತಿಯ ವೀಕ್ಷಣೆ, ಓದಿದ ಗ್ರಂಥಗಳ ಪಟ್ಟಿ, ಸತ್ತವರ ವಯಸ್ಸು, ಬೋಧನೆಗೆ ಆಯ್ದುಕೊಂಡ ವಚನ, ಇವೇ ಸಾಲುಸಾಲಾಗಿ ಬರುತ್ತವೆ. ಆದರೂ ಈ ಗ್ರಂಥವನ್ನು ಕೈಬಿಡುವಂತಿಲ್ಲ.

ಸ್ಟೈಲ್ಸ್ (1727–1795) ಅಮೆರಿಕದ ರೋಡ್ ಐಲೆಂಡ್ ಪ್ರಾಂತದ ನ್ಯೂಪೋರ್ಟ್ ಪಟ್ಟಣದಲ್ಲಿ 1755ರಿಂದ ಪಾದ್ರಿಯಾಗಿದ್ದು, 1778ರಲ್ಲಿ ನ್ಯೂ ಹೇವನ್ನಿನ ಯೇಲ್ ಕಾಲೇಜಿನ ಅಧ್ಯಕ್ಷನಾಗಿ ಸಾಯುವವರೆಗೂ ಆ ಪೀಠದಲ್ಲಿದ್ದವನು. ಆ ಕಾಲೇಜಿಗೂ ಮದರಾಸಿಗೂ ಹಳೆಯ ನಂಟುಂಟು. ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದ ಎಲಿಹು ಯೇಲ್ 1718ರಲ್ಲಿ ಕಳುಹಿಸಿದ ಒಂಬತ್ತು ಮೂಟೆ ಸರಕು ಮತ್ತು 417 ಗ್ರಂಥಗಳ ಕೊಡುಗೆಗಾಗಿಯೇ ಅದಕ್ಕೆ ಆ ಹೆಸರು ಬಂದಿತು.

ಸ್ಟೈಲ್ಸ್ ತನ್ನ ದಿನಚರಿಯನ್ನು ಆರಂಭಿಸಿದ್ದು 1769ರ ಜನವರಿ 1ರಂದು. ಅದಕ್ಕೆ ಅವನಿಟ್ಟ ಹೆಸರು ‘ಸಾಹಿತ್ಯಕ ದಿನಚರಿ’. ಆ ಕಾಲದ ಬಳಕೆಯಲ್ಲಿ ಸಾಹಿತ್ಯವೆಂದರೆ ವಿದ್ವತ್ತು. ಕಾವ್ಯ ನಾಟಕಗಳಷ್ಟೇ ಅಲ್ಲ. ಪ್ಯೂರಿಟನ್ ಪಂಥದವರಲ್ಲಿ ದಿನಚರಿಯೆಂಬುದು ಆತ್ಮಶೋಧನೆಯ ಸಾಧನವಾಗಿತ್ತು. ದಿನದ ಪಾಪಗಳನ್ನು ದೇವರೆದುರು ಲೆಕ್ಕ ಒಪ್ಪಿಸುವ ಪುಸ್ತಕ ಅದು. ಸ್ಟೈಲ್ಸ್ ಲೆಕ್ಕವನ್ನು ಉಳಿಸಿಕೊಂಡು ಅದರ ಮುಖವನ್ನು ಹೊರಜಗತ್ತಿನ ಕಡೆಗೆ ತಿರುಗಿಸಿದನು. ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಉಷ್ಣಮಾಪಕವನ್ನು ಅವನು ಜೀವಿತಾಂತ್ಯದವರೆಗೂ ನೋಡಿ ಬರೆದಿಟ್ಟನು. 1769ರಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ದಾಟಿದಾಗ ಅದನ್ನು ವೀಕ್ಷಿಸಿದನು. ಹಿಪ್ಪುನೇರಳೆ ಬೆಳೆಸಿ ರೇಷ್ಮೆಹುಳು ಸಾಕಿ ಅದರ ವಿವರವನ್ನೂ ಬೇರೆಯಾಗಿ ಬರೆದನು. 1779ರ ಜುಲೈ 5ರಂದು ಬ್ರಿಟಿಷ್ ದಂಡು ನ್ಯೂ ಹೇವನ್ನಿನ ತೀರಕ್ಕಿಳಿದಾಗ, ಊರೆಲ್ಲ ಗಾಬರಿಗೊಂಡಿದ್ದ ಆ ದಿನದ ಸಂಗತಿಗೂ ದಿನಚರಿಯಲ್ಲಿ ಒಂದು ನಕ್ಷೆ ಉಂಟು!

ಈ ಕುತೂಹಲವೇ ಗ್ರಂಥದ ಜೀವಾಳ. ಅದು ಅತ್ಯಂತ ಚೆಲುವಾಗಿ ಪ್ರಕಟವಾಗಿರುವುದು ಹೀಬ್ರೂ ಭಾಷೆಯ ಪ್ರಸಂಗದಲ್ಲಿ. ನಾಲ್ವತ್ತರ ವಯಸ್ಸಿನಲ್ಲಿ ಸ್ಟೈಲ್ಸ್ ಹೀಬ್ರೂ ಕಲಿಯಹೊರಟನು. 1773ರಲ್ಲಿ ಪ್ಯಾಲೆಸ್ತೀನಿನ ಹೆಬ್ರಾನಿನವನಾದ ರಬ್ಬಿ ಹಾಯಿಂ ಐಸಾಕ್ ಕಾರಿಗಾಲ್ ನ್ಯೂಪೋರ್ಟಿಗೆ ಬಂದು ಕೆಲವು ತಿಂಗಳು ತಂಗಿದನು. ಅವನ ಕೆಂಪು ಉಡುಪು, ತುಪ್ಪುಳದ ಎತ್ತರದ ಟೊಪ್ಪಿಗೆ, ನೀಳವಾದ ಗಡ್ಡ, ಇಬ್ಬರೂ ಕೂಡಿ ಚರ್ಚಿಸಿದ ವಿಷಯಗಳು, ಎಲ್ಲವೂ ದಿನಚರಿಯಲ್ಲಿ ಮೈದಾಳಿವೆ. ಕ್ರೈಸ್ತ ಪಾದ್ರಿಯೊಬ್ಬನು ಯೆಹೂದ್ಯ ಪಂಡಿತನೆದುರು ಶಿಷ್ಯಭಾವದಿಂದ ಕುಳಿತ ಈ ಪುಟಗಳಲ್ಲಿ ಅಂಕಿಗಳ ಶುಷ್ಕತೆಯಿಲ್ಲ. ಮುಂದೆ ಅಧ್ಯಕ್ಷನಾದಾಗ ಹೊಸ ವಿದ್ಯಾರ್ಥಿಗಳೆಲ್ಲ ಹೀಬ್ರೂ ಓದಲೇಬೇಕೆಂದು ಅವನು ವಿಧಿಸಿದನು. ಹುಡುಗರಿಗೆ ಅದು ಬೇಡವಾಯಿತು. 1790ರಲ್ಲಿ, ಬಯಸಿ ಬಂದವರಿಗೆ ಮಾತ್ರ ಕಲಿಸುವುದೆಂದು ತೀರ್ಮಾನಿಸಿ, ಹುಡುಗರ ಅಸಮಾಧಾನವನ್ನು ಮುಚ್ಚಿಡದೆ ಬರೆದನು. ಅಧಿಕಾರದಲ್ಲಿರುವವರ ದಿನಚರಿಗಳಲ್ಲಿ ಇಂತಹ ನೇರನುಡಿ ಅಪರೂಪ.

1794ರಲ್ಲಿ, ಕೊಚ್ಚಿಯ ಯೆಹೂದ್ಯರ ಬಳಿ ಮೋಶೆಯ ಪಂಚಗ್ರಂಥದ ಪ್ರಾಚೀನ ಪ್ರತಿ ಇರಬಹುದೇ ಹುಡುಕಿಸಬೇಕೆಂದು ಕೋರಿ, ಕಲ್ಕತ್ತೆಯಲ್ಲಿದ್ದ ಸರ್ ವಿಲಿಯಂ ಜೋನ್ಸನಿಗೆ ಸ್ಟೈಲ್ಸ್ ಸುದೀರ್ಘವಾದ ಪತ್ರ ಬರೆದನು. ಜೋನ್ಸ್ ಆ ವರ್ಷದ ಏಪ್ರಿಲಿನಲ್ಲಿಯೇ ತೀರಿಕೊಂಡನು. ಕಡಲಾಚೆಯ ಮಲಬಾರಿನ ಹಸ್ತಪ್ರತಿಗಾಗಿ ಹಂಬಲಿಸಿದ ಈ ಮನಸ್ಸು ತನ್ನ ಮನೆಯೊಳಗಿನ ಒಬ್ಬ ಮನುಷ್ಯನನ್ನು ಎಷ್ಟರಮಟ್ಟಿಗೆ ಕಂಡಿತ್ತೆಂಬ ಪ್ರಶ್ನೆಯನ್ನು ವಿಮರ್ಶಕನು ತಪ್ಪಿಸಿಕೊಳ್ಳುವಂತಿಲ್ಲ.

1756ರಲ್ಲಿ ಸ್ಟೈಲ್ಸ್ ಆಫ್ರಿಕದ ತೀರಕ್ಕೆ ಹೊರಟ ಹಡಗಿನ ನಾಯಕನ ಕೈಗೆ ಒಂದು ದೊಡ್ಡ ಪೀಪಾಯಿ ರಮ್ ಮದ್ಯವನ್ನು ಒಪ್ಪಿಸಿದನು. ಪ್ರತಿಯಾಗಿ ಬಂದವನು ಒಬ್ಬ ಬಾಲಕ. ಅವನಿಗೆ ಊರಿನ ಹೆಸರನ್ನೇ ಇಟ್ಟು ನ್ಯೂಪೋರ್ಟ್ ಎಂದು ಕರೆಯಲಾಯಿತು. ಆಗ ದಿನಚರಿ ಇನ್ನೂ ಆರಂಭವಾಗಿರಲಿಲ್ಲ. ದಿನಚರಿಯನ್ನಷ್ಟೇ ಓದುವವನಿಗೆ ಈ ವ್ಯಾಪಾರದ ಸುಳಿವು ಸಿಕ್ಕದು. ಇತರ ಕಾಗದಪತ್ರಗಳಿಗೆ ಹೋಗಬೇಕು. ಆ ಬಾಲಕನು ಬೆಳೆದು ಯುವಕನಾದನು. 1778ರ ಜೂನಿನಲ್ಲಿ, ನ್ಯೂ ಹೇವನ್ನಿಗೆ ಹೊರಡುವ ಮುನ್ನ, ಸ್ಟೈಲ್ಸ್ ಅವನನ್ನು ದಾಸ್ಯದಿಂದ ಬಿಡುಗಡೆ ಮಾಡಿದನು. ಮುಂದೆ ಅವನು ನ್ಯೂ ಹೇವನ್ನಿಗೆ ಬಂದು ಅದೇ ಮನೆಯಲ್ಲಿ ಸಂಬಳಕ್ಕೆ ದುಡಿದನು. ಕೆಲವೇ ತಿಂಗಳು ಊರಿನಲ್ಲಿದ್ದ ಕಾರಿಗಾಲನಿಗೆ ದಿನಚರಿಯಲ್ಲಿ ದೊರೆತ ಎಡೆಯ ಮುಂದೆ, ಇಪ್ಪತ್ತು ವರ್ಷ ಮನೆಯಲ್ಲಿ ದುಡಿದವನಿಗೆ ದೊರೆತದ್ದು ಅತ್ಯಲ್ಪ.

ಸ್ಟೈಲ್ಸನಿಗೆ ಕರಿಯರ ವಿಷಯದಲ್ಲಿ ಕನಿಕರವಿರಲಿಲ್ಲವೆಂದಲ್ಲ. 1772ರಲ್ಲಿ ಎಂಬತ್ತು ತೊಂಬತ್ತು ಮಂದಿ ಕರಿಯರು ತನ್ನ ಮನೆಯಲ್ಲಿ ನೆರೆದು ಬೋಧನೆ ಕೇಳಿದ್ದನ್ನು ಅವನು ಬರೆದಿದ್ದಾನೆ. ಅಲ್ಲಿಯೂ ತಲೆಯೆಣಿಕೆ ತಪ್ಪಿಲ್ಲ. ತಮ್ಮ ಆತ್ಮಗಳ ಚಿಂತೆ ವಹಿಸಿದ್ದಕ್ಕಾಗಿ ಅವರು ವಂದನೆ ಹೇಳಿದ್ದೂ ದಾಖಲಾಗಿದೆ. ಆತ್ಮವನ್ನು ಕುರಿತು ಮಾತಾಯಿತು. ಕೊಂಡು ತಂದ ದೇಹವನ್ನು ಕುರಿತು ಆ ಪುಟದಲ್ಲಿ ಮಾತಿಲ್ಲ. 1790ರಲ್ಲಿ ಕನೆಕ್ಟಿಕಟ್ ಪ್ರಾಂತದ ದಾಸ್ಯವಿರೋಧಿ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನೂ ಇದೇ ಸ್ಟೈಲ್ಸ್. ಇವನನ್ನು ಬರಿಯ ಕಪಟಿಯೆನ್ನುವುದು ಸುಲಭ, ಆದರೆ ನ್ಯಾಯವಲ್ಲ. ಕಾಲಧರ್ಮವೆಂದು ತಳ್ಳಿಹಾಕುವುದು ಇನ್ನೂ ಸುಲಭ; ದಾಸ್ಯ ತಪ್ಪೆಂದು ಅದೇ ಊರಿನ ಪಾದ್ರಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಬಹಿರಂಗವಾಗಿ ಸಾರುತ್ತಿದ್ದನಾದ್ದರಿಂದ ಅದೂ ನಿಲ್ಲದು. ಎಲ್ಲವನ್ನೂ ಸಮದೃಷ್ಟಿಯಿಂದ ಬರೆಯುವ ಲೇಖನಿಗೆ ಯಾವುದು ಗುರುತರವೆಂದು ನಿರ್ಣಯಿಸುವ ಅಭ್ಯಾಸ ತಪ್ಪುತ್ತದೆ. ಸ್ಟೈಲ್ಸನ ದೋಷ ಇದು. ಅವನ ಗುಣದಿಂದಲೇ ಹುಟ್ಟಿದ ದೋಷ.

ಅಚ್ಚಿನಲ್ಲಿರುವ ರೂಪದ ಬಗೆಗೂ ಎರಡು ಮಾತು ಅವಶ್ಯ. ಫ್ರಾಂಕ್ಲಿನ್ ಬೌಡಿಚ್ ಡೆಕ್ಸ್ಟರ್ 1901ರಲ್ಲಿ ಮೂರು ಸಂಪುಟಗಳಲ್ಲಿ ದಿನಚರಿಯನ್ನೂ 1916ರಲ್ಲಿ ಪ್ರವಾಸದ ಟಿಪ್ಪಣಿಗಳಿಂದ ಆಯ್ದ ಭಾಗಗಳನ್ನೂ ಹೊರತಂದನು. ಅವನ ಶ್ರಮ ಸ್ತುತ್ಯರ್ಹ. ಆದರೆ ಅವನು ಕೊಟ್ಟದ್ದು ಆಯ್ಕೆ, ಮತ್ತು ಆ ಆಯ್ಕೆಯಲ್ಲಿ ಎದ್ದುಕಾಣುವವನು ವಿದ್ವಾಂಸ ಸ್ಟೈಲ್ಸ್. ಹುಟ್ಟುಹಬ್ಬಗಳಂದು ತನ್ನ ಬಾಳನ್ನು ತಾನೇ ತೂಗಿ ಅವನು ಬರೆದಿಟ್ಟ ಆತ್ಮಚಿಂತನೆಗಳು ಬೇರೆಯ ಹಾಳೆಗಳಲ್ಲಿವೆ. ಎಡ್ಮಂಡ್ ಮಾರ್ಗನ್ 1962ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಆ ಹಾಳೆಗಳವರೆಗೂ ಹೋದುದರಿಂದಲೇ ಅದರಲ್ಲಿ ಬಿಸಿಯುಸಿರಿನ ಮನುಷ್ಯನೊಬ್ಬನು ಕಾಣಸಿಗುತ್ತಾನೆ. 2024ರ ಫೆಬ್ರವರಿಯಲ್ಲಿ ಯೇಲ್ ವಿಶ್ವವಿದ್ಯಾನಿಲಯವು ದಾಸ್ಯದೊಡನೆ ತನಗಿದ್ದ ಸಂಬಂಧಕ್ಕಾಗಿ ಕ್ಷಮೆ ಕೋರಿದ ಬಳಿಕ ಈ ಕಾಗದಗಳಿಗೆ ಹೊಸ ಬೆಲೆ ಬಂದಿದೆ. ಅವು ಅಲ್ಲಿಯ ಬೈನೆಕಿ ಗ್ರಂಥಾಲಯದಲ್ಲಿ ಭದ್ರವಾಗಿವೆ. 1756ರ ಪೀಪಾಯಿ, 1778ರ ಬಿಡುಗಡೆ, 1790ರ ಸಂಘ, ಈ ಮೂರನ್ನೂ ಒಂದು ಎಳೆಯಲ್ಲಿ ಪೋಣಿಸುವ ಕೆಲಸವನ್ನು ಅಚ್ಚಾದ ದಿನಚರಿಯು ಓದುಗನಿಗೇ ಬಿಟ್ಟಿದೆ.