ಪರದೆಯ ಹಿಂದಿನ ನಟಿ

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆಯಾಟದ ಕಲಾವಿದೆ ಎಂದು. ನನ್ನ ಮಟ್ಟಿಗೆ ಅವರು ನಟಿ, ನಿರ್ದೇಶಕಿ ಎರಡೂ. ಹದಗೊಳಿಸಿ ತೆಳುವಾಗಿಸಿದ ಚರ್ಮಕ್ಕೆ ಬಣ್ಣ ಕೊಟ್ಟು, ಒಡವೆ, ಸೆರಗಿನ ಅಂಚಿಗೆ ಸಣ್ಣ ಸಣ್ಣ ತೂತು ಕೊರೆದು ಮಾಡಿದ ಗೊಂಬೆಯ ಮುಖಭಾವ ಬದಲಾಗುವುದಿಲ್ಲ. ಸೀತೆಯ ಅಳಲು, ರಾವಣನ ಸೊಕ್ಕು ಎಲ್ಲವೂ ಆಡಿಸುವವರ ಕೊರಳಿನಿಂದಲೇ ಬರಬೇಕು. ಗೊಂಬೆಯನ್ನು ಬಿಳಿ ಪರದೆಗೆ ಒತ್ತಿ ಹಿಡಿದರೆ ಗೆರೆ ಚೂಪು, ಬಣ್ಣ ಗಾಢ. ದೀಪದ ಕಡೆಗೆ ತುಸು ಸರಿಸಿದರೆ ಆಕೃತಿ ಹಿಗ್ಗಿ ಮಸುಕಾಗುತ್ತದೆ. ಸಿನಿಮಾದವರು ಕ್ಯಾಮೆರಾದಲ್ಲಿ ಮಾಡುವುದನ್ನು ಇಲ್ಲಿ ಮುಂಗೈ ಮಾಡುತ್ತದೆ.

ಕಥೆ ರಾಮಾಯಣ, ಮಹಾಭಾರತದ್ದು, ಆಟ ಹಿರಿಯರಿಂದ ಬಂದದ್ದು, ಇದರಲ್ಲಿ ನಿರ್ದೇಶನ ಎಲ್ಲಿಯದು ಎನ್ನಬಹುದು. ಬಯಲಾಟದ ಕಥೆಯೂ ಹಳೆಯದೇ ಅಲ್ಲವೆ? ಯಾವ ಪ್ರಸಂಗ ಎಳೆಯಬೇಕು, ಎಲ್ಲಿ ಹಾಡು ನಿಲ್ಲಿಸಿ ಮಾತಿಗಿಳಿಯಬೇಕು, ಜನ ತೂಕಡಿಸುವ ಹೊತ್ತಿಗೆ ಕಿಳ್ಳೇಕ್ಯಾತನನ್ನು ಹೇಗೆ ನುಗ್ಗಿಸಬೇಕು ಎಂಬುದನ್ನೆಲ್ಲ ಆ ಗಳಿಗೆಯಲ್ಲೇ ತೀರ್ಮಾನಿಸಬೇಕು. (ಪೋಲಿ ಮಾತಿನ ಆ ವಿದೂಷಕ ಬಂದರೆ ನಿದ್ದೆ ಯಾರಿಗೆ ಬಂದೀತು!) ರಾಜರ, ದೇವರ ಗೊಂಬೆ ದೊಡ್ಡದು, ಸೇವಕರದು ಚಿಕ್ಕದು ಎಂಬ ಸಂಪ್ರದಾಯವಿದ್ದರೂ, ಚಿಕ್ಕ ಗೊಂಬೆಗೇ ಇಡೀ ಪರದೆ ಬಿಟ್ಟುಕೊಡುವ ಧೈರ್ಯ ಆಡಿಸುವವರದ್ದು.