ಹೊಳೆಯ ಲೆಕ್ಕ ಹಿಡಿಯುವವರು

1981ರಲ್ಲಿ ಆರಂಭವಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಹೈಡ್ರಾಲಜಿ ಜಲವಿಜ್ಞಾನಿಗಳಿಗೆ ವೃತ್ತಿ ಪ್ರಮಾಣಪತ್ರ ಕೊಡುತ್ತದೆ. ಪದವಿಯೊಂದಿದ್ದರೆ ಸಾಲದು, ಪರೀಕ್ಷೆ ಪಾಸಾಗಬೇಕು, ವರ್ಷಗಟ್ಟಲೆ ಕೆಲಸ ಮಾಡಿದ ಅನುಭವವೂ ಬೇಕು. ನನಗೆ ಹಿಡಿಸಿದ್ದು ಆ ಕೊನೆಯ ಷರತ್ತು. ನೀರಳೆಯುವ ವಿದ್ಯೆ ಕಾಲು ನೆನೆಯದೆ ಬರುವಂಥದ್ದಲ್ಲ.

ಈ ಕಸುಬಿನ ಸೊಗಸು ನೋಡಬೇಕಾದರೆ ಹೊಳೆಗೇ ಇಳಿಯಬೇಕು. ದಡದಿಂದ ದಡಕ್ಕೆ ಟೇಪು ಕಟ್ಟಿ, ಪಾತ್ರವನ್ನು 25–30 ಪಟ್ಟಿಗಳಾಗಿ ಭಾಗ ಮಾಡುತ್ತಾರೆ. ಪ್ರತಿ ಪಟ್ಟಿಯಲ್ಲೂ ಆಳ ನೋಡಿ, ಹರಿವಿನ ವೇಗ ಅಳೆಯುವ, ಆರು ಪುಟ್ಟ ಬಟ್ಟಲುಗಳ ಪ್ರೈಸ್ ಮೀಟರನ್ನು ನೀರಿಗಿಳಿಸುತ್ತಾರೆ. ಬಟ್ಟಲು ತಿರುಗಿದಂತೆಲ್ಲ ಕಿವಿಯ ಹೆಡ್‌ಫೋನಿನಲ್ಲಿ ಟಿಕ್, ಟಿಕ್. ಕೈಯಲ್ಲಿ ಸ್ಟಾಪ್‌ವಾಚ್. ನೀರಿನ ಆಳ ಕಡಿಮೆಯಿದ್ದರೆ ಮೇಲಿನಿಂದ ಶೇ. 60ರಷ್ಟು ಆಳದಲ್ಲಿ ಒಂದೇ ಅಳತೆ; ಆಳವಿದ್ದರೆ ಶೇ. 20 ಮತ್ತು 80ರಲ್ಲಿ ಎರಡು ಅಳತೆ, ಅವುಗಳ ಸರಾಸರಿ. ಈಗ ಶಬ್ದತರಂಗದ ಯಂತ್ರಗಳು ಬಂದು ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೂ ಎಲ್ಲಿ ನಿಂತು ಅಳೆಯಬೇಕು, ಯಾವ ಸುಳಿ ಲೆಕ್ಕ ಕೆಡಿಸೀತು ಎಂಬುದನ್ನು ಕಣ್ಣೇ ಹೇಳಬೇಕು.

ಅಮೆರಿಕದಲ್ಲಿ ಹೊಳೆಯಳೆಯುವ ಈ ಕೆಲಸಕ್ಕೆ ತರಬೇತಿ ಶುರುವಾದದ್ದು 1888ರ ಚಳಿಗಾಲದಲ್ಲಿ, ನ್ಯೂ ಮೆಕ್ಸಿಕೋದ ಎಂಬುಡೊ ಬಳಿ ರಿಯೊ ಗ್ರಾಂಡೆ ನದಿಯ ದಂಡೆಯಲ್ಲಿ. ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಮುಖ್ಯಸ್ಥ ಜಾನ್ ವೆಸ್ಲಿ ಪೊವೆಲ್‌ಗೆ ಒಣ ಪಶ್ಚಿಮದ ನೀರಾವರಿಯ ಚಿಂತೆ; ಅದಕ್ಕೆ ಹೊಳೆಗಳಲ್ಲಿ ನೀರೆಷ್ಟು ಎಂದು ತಿಳಿಯಬೇಕಿತ್ತು. ತರಬೇತಿ ಶಿಬಿರ ನಡೆಸಿದವನು ಫ್ರೆಡರಿಕ್ ನ್ಯೂವೆಲ್. 1889ರಲ್ಲಿ ಅಲ್ಲೇ ಸರ್ವೇಕ್ಷಣಾ ಸಂಸ್ಥೆಯ ಮೊದಲ ನದಿಮಾಪನ ಕೇಂದ್ರ ತಲೆಯೆತ್ತಿತು.