'ಪರಿಹಾರ' ಎಂಬ ಮಾತಿನ ಒಳಗೆ

ಹೊಳೆ ಉಕ್ಕಿ ಮನೆ ಬಿದ್ದರೆ ಸರ್ಕಾರ ಕೊಡುವುದು ಪರಿಹಾರ. ಜಾತಿಯ ಸೊಕ್ಕಿನಲ್ಲಿ ನಮ್ಮ ಗುಡಿಸಲಿಗೆ ಬೆಂಕಿ ಇಟ್ಟರೂ ಕೊಡುವುದು ಅದೇ ಪರಿಹಾರ. ಹೊಳೆಯ ಮೇಲೆ ಕೇಸು ಹಾಕೋಕಾಗಲ್ಲ, ನಿಜ. ಆದರೆ ಬೆಂಕಿ ಇಟ್ಟವನಿಗೆ ಕೈಯಿದೆ, ಹೆಸರಿದೆ, ಊರಲ್ಲಿ ಮನೆಯಿದೆ. ಎರಡನ್ನೂ ಒಂದು ಮಾಡುವ ಈ ಶಬ್ದ ಎಲ್ಲಿಂದ ಬಂತು ಅಂತ ನಾವು ಕೇಳಲೇಬೇಕಾಗಿದೆ.

ಸಂಸ್ಕೃತದಲ್ಲಿ ಪರಿಹಾರ ಎಂದರೆ ದೂರಮಾಡುವುದು, ಬಿಟ್ಟುಬಿಡುವುದು. ನಮ್ಮ ನಾಡಿನ ಶಾಸನಗಳ 'ಸರ್ವಬಾಧಾ ಪರಿಹಾರ' ಅಂದರೆ ಬ್ರಾಹ್ಮಣರಿಗೆ, ದೇವಸ್ಥಾನಗಳಿಗೆ ದಾನ ಬಿಟ್ಟ ಭೂಮಿಗೆ ತೆರಿಗೆ-ತಂಟೆಗಳಿಂದ ಸಿಕ್ಕ ಬಿಡುಗಡೆ. ಉಳ್ಳವರ ರಿಯಾಯಿತಿಯ ಮಾತು ಅದು. ಕೊಲೆಗೆ ತೆರಬೇಕಾದ ಬೆಲೆಗೆ ಧರ್ಮಸೂತ್ರದಲ್ಲಿ ಬೇರೆ ಹೆಸರೇ ಇತ್ತು: 'ವೈರನಿರ್ಯಾತನ', ಅಂದರೆ ಹಗೆ ತೀರಿಸುವುದು. ಬೌಧಾಯನನ ಲೆಕ್ಕ ನೋಡಿ. ಕ್ಷತ್ರಿಯನನ್ನು ಕೊಂದರೆ 1000 ಹಸು, ವೈಶ್ಯನಿಗೆ 100, ಶೂದ್ರನಿಗೆ 10, ಮೇಲೊಂದು ಹೋರಿ. ಕಪ್ಪೆ, ಕಾಗೆ, ನಾಯಿ ಕೊಂದರೂ ಶೂದ್ರನ ದರವೇ! ಆ ಹಸುಗಳಾದರೂ ಹೋಗುವುದು ಸತ್ತವನ ಮನೆಗಲ್ಲ, ರಾಜನಿಗೆ.

ಇನ್ನು ನಮ್ಮ ಕಾಲದ ಕಾನೂನು. 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ಹಳಿಯುವವರ ಸಾಲಿನಲ್ಲಿ ನಾವಿಲ್ಲ. ಅದರ 1995ರ ನಿಯಮಗಳಲ್ಲಿ ಇಂಗ್ಲಿಷಿನಲ್ಲಿರುವುದು 'ರಿಲೀಫ್', ಅಂದರೆ ನೆರವು. ನಷ್ಟ ತುಂಬಿಕೊಡುವ 'ಕಾಂಪೆನ್ಸೇಷನ್' ಬೇರೆ. ಕನ್ನಡದ ಕಚೇರಿಯಲ್ಲಿ ಎರಡೂ ಪರಿಹಾರವೇ. 2016ರ ತಿದ್ದುಪಡಿಯಲ್ಲಿ ಕೊಲೆಗೆ 8 ಲಕ್ಷ 25 ಸಾವಿರ ರೂಪಾಯಿ: ಅರ್ಧ ಶವಪರೀಕ್ಷೆಯಾದ ಮೇಲೆ, ಅರ್ಧ ದೋಷಾರೋಪ ಪಟ್ಟಿ ಕೋರ್ಟಿಗೆ ಹೋದಾಗ. ಕೊಡುವುದು ಖಜಾನೆ. ಕೊಂದವನ ಕಿಸೆಯ ಕಾಸು ಅದರಲ್ಲಿ ಒಂದೂ ಇಲ್ಲ.

ನಮ್ಮಿಂದ ವಸೂಲಿ ಮಾಡುವಾಗ ಮಾತ್ರ ಭಾಷೆ ಎಷ್ಟು ನೇರ! 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ದಲಿತರ ಎಳೆಮಗು ಗುಡಿಯೊಳಕ್ಕೆ ಓಡಿದ್ದಕ್ಕೆ ಕೇಳಿದ್ದು ದಂಡ. ದಂಡ ಅಂದಕೂಡಲೇ ತಪ್ಪು ಯಾರದು ಅಂತ ಊರಿಗೆಲ್ಲ ಸಾರಿದ ಹಾಗೆ. ಪರಿಹಾರ ಅಂದಾಗ ತಪ್ಪಿತಸ್ಥನೇ ಮಾಯ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಸುಟ್ಟವರು ಯಾರು?

ಗೆಳೆಯರೇ, ಹಣ ಬೇಡ ಅಂತ ನಾವು ಹೇಳುತ್ತಿಲ್ಲ. ಹೊತ್ತಿನ ಗಂಜಿಗೂ ಬೇಕು, ಸುಟ್ಟ ಸೂರಿಗೂ ಬೇಕು. ಆದರೆ ಅದನ್ನು ನೆರವು ಅಂತಲೇ ಕರೆಯಿರಿ. ತಪ್ಪು ಮಾಡಿದವನು ಅದನ್ನು ಒಪ್ಪಿಕೊಂಡು ತನ್ನ ಕೈಯಾರೆ ತೆರುವ ತನಕ ಪರಿಹಾರ ಆಯಿತು ಅಂತ ಯಾವ ಕಡತದಲ್ಲೂ ಬರೆಯಬೇಡಿ.